ಗೊಂಬೆಯ ಹಿಂದಿನ ಕೈ

ಬೀದರಿನಿಂದ ವಿಕಾರಾಬಾದಿನತ್ತ ಹೋಗುವ ರೈಲು ಗಡಿ ದಾಟಿ ತೆಲಂಗಾಣವನ್ನು ಹೊಕ್ಕಿದ್ದು ಗೊತ್ತೇ ಆಗುವುದಿಲ್ಲ. ಅದೇ ಕೆಂಪು ಮಣ್ಣು, ಅದೇ ತೊಗರಿ, ಅದೇ ಕಬ್ಬು. ಜಹೀರಾಬಾದ್ ನಿಲ್ದಾಣದಲ್ಲಿ ಇಳಿದವರ ಮಾತೂ ಅಷ್ಟೇ: ಕನ್ನಡದಲ್ಲಿ ಆರಂಭವಾಗಿ, ತೆಲುಗಿಗೆ ಹೊರಳಿ, ಉರ್ದುವಿನಲ್ಲಿ ಮುಗಿಯುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಆ ವರ್ಷ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಸೇರಿದವು. ಈ ಮೂರು ಊರುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ಅವು ತೆಲಂಗಾಣದಲ್ಲಿವೆ. ರಾಜ್ಯ ಎರಡು ಸಲ ಬದಲಾದರೂ ನೆಂಟಸ್ತಿಕೆ ಬದಲಾಗಲಿಲ್ಲ, ಸಂತೆಯೂ ಬದಲಾಗಲಿಲ್ಲ.

ಆಗಮನ ಕಾಲಕ್ಕೆ ಇನ್ನೂ ಕೆಲವು ವಾರಗಳಿರುವಾಗ ನಮ್ಮ ಧರ್ಮಕೇಂದ್ರದ ನಾಲ್ಕು ಕುಟುಂಬದವರು ಈ ಮೂರೂ ಊರುಗಳನ್ನು ಸುತ್ತಿ ಬಂದೆವು. ಉದ್ದೇಶ ಸಣ್ಣದೇ: ಗೋದಲಿಯ ಗೊಂಬೆಗಳು.

ನಮ್ಮಲ್ಲಿ ಗೋದಲಿ ಗೊಂಬೆಗಳನ್ನು ಕೂಡಿಡುವ ಮನೆಗಳಿವೆ ಎಂಬುದು ಓದುಗರಿಗೆ ಗೊತ್ತು. ಅಜ್ಜಿ ಕೊಂಡ ಮಾತೆ ಮರಿಯಮ್ಮ, ಅಪ್ಪ ಹೈದರಾಬಾದಿನಿಂದ ತಂದ ಒಂಟೆ, ಮೊದಲ ಪರಮಪ್ರಸಾದದ ವರ್ಷ ಸೇರಿಸಿದ ಕುರುಬ, ಹೀಗೆ ವರ್ಷಕ್ಕೊಂದು ಗೊಂಬೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಅವು ಡಿಸೆಂಬರಿನಲ್ಲಿ ಹೊರಬರುತ್ತವೆ. ಆದರೆ ಈಚಿನ ವರ್ಷಗಳಲ್ಲಿ ಸೇರಿದ ಗೊಂಬೆಗಳ ಬಗ್ಗೆ ಈ ಮನೆಗಳವರೆಲ್ಲ ಒಂದೇ ದೂರು ಹೇಳುತ್ತಾರೆ. ಸಂತ ಜೋಸೆಫರ ಕಣ್ಣು ಕೆನ್ನೆಯ ಮೇಲೆ ಬಂದಿದೆ. ದೇವದೂತನ ರೆಕ್ಕೆ ಪೆಟ್ಟಿಗೆಯೊಳಗೇ ಕಳಚಿದೆ. ಮೆದು ಪ್ಲಾಸ್ಟಿಕ್ಕಿನ ಕುರಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಟಂಟಾಗಿದೆ. ಬಾಲ ಯೇಸುವನ್ನು ಮುದ್ದಿಸಿದ ಮಗುವಿನ ತುಟಿಗೆ ಬಣ್ಣ ಹತ್ತಿದೆ. ಈ ಗೊಂಬೆಗಳನ್ನು ಮಾಡಿದವರು ಯಾರು? ಕೆಟ್ಟರೆ ಯಾರನ್ನು ಕೇಳಬೇಕು? ಆ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡೇ ನಾವು ಹೊರಟೆವು.

ಜಹೀರಾಬಾದ್: ಹೆದ್ದಾರಿಯ ಪೇಟೆ

ಜಹೀರಾಬಾದ್ ಹೆದ್ದಾರಿಯ ಊರು. ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಯ ಕಡೆಗೆ ಹೋಗುವ ಲಾರಿಗಳು ಹಗಲಿರುಳು ಇಲ್ಲಿಂದಲೇ ಹಾದುಹೋಗುತ್ತವೆ. ಸುತ್ತಲಿನ ಕೆಂಪು ನೆಲ ಶುಂಠಿ, ಆಲೂಗಡ್ಡೆ, ಕಬ್ಬಿಗೆ ಹೆಸರಾದುದು. ಪೇಟೆಯಲ್ಲಿ ದೀಪಾವಳಿಯ ಸಾಮಾನು ತೆಗೆದ ಜಾಗದಲ್ಲೇ ಕ್ರಿಸ್ತಜಯಂತಿಯ ನಕ್ಷತ್ರಗಳು ಏರಿದ್ದವು. ಅವುಗಳ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಗೋದಲಿ ಸೆಟ್ಟುಗಳು.

ನಾವು ಪೆಟ್ಟಿಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಕೆಲವುದರ ಮೇಲೆ ಮಾರಾಟಗಾರರ ಹೆಸರಿತ್ತು, ಮಾಡಿದವರದಿರಲಿಲ್ಲ. ಕೆಲವುದರ ಮೇಲೆ ಬೆಲೆ ಬಿಟ್ಟರೆ ಏನೂ ಇರಲಿಲ್ಲ. ಅಂಗಡಿಯವರು ಸಿಡುಕದೆ ಉತ್ತರಿಸಿದರು: "ನಮಗ ಹೈದರಾಬಾದಿನ ಹೋಲ್‌ಸೇಲ್‌ನವರು ಕೊಡ್ತಾರ್ರೀ. ಅವರಿಗೆ ಮುಂಬೈದಿಂದ ಬರ್ತದ. ಮುಂಬೈಗಿ ಎಲ್ಲಿಂದ ಬರ್ತದೋ ಆ ದೇವರಿಗೇ ಗೊತ್ತು." ರೆಕ್ಕೆ ಮುರಿದು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆವು. "ಫೆವಿಕ್ವಿಕ್ ಹಚ್ತೀನಿ" ಎಂದು ನಕ್ಕರು. ಅವರ ತಪ್ಪೇನೂ ಇಲ್ಲ. ನಾಲ್ಕು ಕೈ ದಾಟಿ ಬಂದ ಸರಕಿಗೆ ಐದನೆಯ ಕೈಯವರು ಏನು ಉತ್ತರ ಕೊಟ್ಟಾರು?

ಒಂದೆಡೆ ಹೆಸರು, ಇನ್ನೊಂದೆಡೆ ತಯಾರಿಕೆ ಎಂಬ ಪದ್ಧತಿಯೇ ಕೆಟ್ಟದ್ದು ಎನ್ನುವಂತಿಲ್ಲ. ಇದೇ ಜಹೀರಾಬಾದಿನಲ್ಲಿ ಮಹೀಂದ್ರಾ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆಯಿದೆ. ಒಂದು ಟ್ರ್ಯಾಕ್ಟರಿನ ಬಿಡಿಭಾಗಗಳು ಎಷ್ಟೋ ಸಣ್ಣ ಕಾರ್ಖಾನೆಗಳಿಂದ ಬರುತ್ತವೆ. ಆದರೆ ಹೊಲದಲ್ಲಿ ಗಾಡಿ ನಿಂತರೆ ರೈತ ಯಾರ ಬಾಗಿಲಿಗೆ ಹೋಗಬೇಕು ಎಂಬುದು ಸ್ಪಷ್ಟವಾಗಿದೆ. ಹೊರಗೆ ಮಾಡಿಸಿದರೂ ಹೊಣೆ ಹೊತ್ತವರು ಒಬ್ಬರಿದ್ದಾರೆ. ಗೊಂಬೆಯ ಪೆಟ್ಟಿಗೆಯಲ್ಲಿ ಕಾಣೆಯಾಗಿರುವುದು ಆ ಒಬ್ಬರು.

ಹೊಣೆ ಕಾಣೆಯಾದರೆ ಎಂಥ ಅನಾಹುತವಾಗುತ್ತದೆ ಎಂಬುದನ್ನು ಜಗತ್ತು 2007ರಲ್ಲಿ ನೋಡಿತು. ಅಮೆರಿಕದ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ ಲಕ್ಷಾಂತರ ಆಟಿಕೆಗಳನ್ನು ಆ ವರ್ಷ ಹಿಂದಕ್ಕೆ ಕರೆಸಿಕೊಂಡಿತು. ಬಣ್ಣದಲ್ಲಿ ಸೀಸ ಇತ್ತು. ಕಂಪನಿ ಕೆಲಸವನ್ನು ಒಂದು ಕಾರ್ಖಾನೆಗೆ ಕೊಟ್ಟಿತ್ತು, ಕಾರ್ಖಾನೆ ಬಣ್ಣವನ್ನು ಬೇರೊಬ್ಬರಿಂದ ತರಿಸಿತ್ತು. ಕೆಡುಕು ನುಸುಳಿದ್ದು ಆ ಕೊನೆಯ ಕೊಂಡಿಯಲ್ಲಿ. ಕಾರ್ಖಾನೆಯ ಮಾಲೀಕರಲ್ಲೊಬ್ಬರು ಆ ಆಗಸ್ಟಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅಗ್ಗದ ಬಣ್ಣದ ಬೆಲೆಯನ್ನು ಒಂದು ಜೀವ ತೆರಬೇಕಾಯಿತು.

ಸೀಸ ಎಂದರೆ ಸಣ್ಣ ಮಾತಲ್ಲ. ಅದು ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಧರ್ಮಸಭೆ ನಡೆಸುವ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದುಕೊಂಡು ಡಾ. ತುಪ್ಪಿಲ್ ವೆಂಕಟೇಶ್ ಅವರು ಇದರ ಬಗ್ಗೆ ದೇಶಕ್ಕೇ ಎಚ್ಚರಿಕೆ ಹೇಳಿದರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿದೆ.

ಆಟಿಕೆಗಳಿಗೂ ಈಗ ಕಾನೂನಿದೆ. 2019ರಲ್ಲಿ ಭಾರತೀಯ ಗುಣಮಟ್ಟ ಪರಿಷತ್ತು ಮಾರುಕಟ್ಟೆಯಲ್ಲಿದ್ದ ವಿದೇಶಿ ಆಟಿಕೆಗಳ ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 67ರಷ್ಟು ನಪಾಸಾದವು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆ, ಕೆಳಗಡೆ ತಯಾರಕರ ಪರವಾನಗಿ ಸಂಖ್ಯೆ ಇರುತ್ತದೆ. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಮಾಡಿದವರ ಹೆಸರು, ವಿಳಾಸ ಸಿಗುತ್ತದೆ. ಅಂದರೆ ಆ ಪುಟ್ಟ ಗುರುತು ನಮ್ಮ ಮೊದಲ ಪ್ರಶ್ನೆಗೆ ಉತ್ತರ: ಮಾಡಿದವರು ಇವರು.

ಆದರೆ ಇಲ್ಲೊಂದು ತೊಡಕಿದೆ. ಕಾನೂನು ಹೇಳುವುದು ಆಟಕ್ಕೆಂದು ಮಾಡಿದ ವಸ್ತುಗಳ ಬಗ್ಗೆ. ಗೋದಲಿಯ ಗೊಂಬೆ ಅಲಂಕಾರದ ವಸ್ತುವೆಂದು ಅದರ ಹೊರಗೆ ಉಳಿಯುತ್ತದೆ. ಮಗುವಿಗೆ ಈ ವ್ಯತ್ಯಾಸ ತಿಳಿಯುವುದುಂಟೇ? ಕೊಟ್ಟಿಗೆಯ ಮುಂದೆ ಕುಳಿತ ಮೂರು ವರ್ಷದ ಮಗುವಿಗೆ ಕುರಿಯೂ ಆಟಿಕೆಯೇ, ಜ್ಞಾನಿಯ ಒಂಟೆಯೂ ಆಟಿಕೆಯೇ. ಕಾನೂನು ನೋಡದ ಜಾಗದಲ್ಲಿ ತಾಯಿತಂದೆಯರೇ ನೋಡಬೇಕು.

ನಾರಾಯಣಖೇಡ: ಕುಂಬಾರರ ಅಂಗಳ

ಜಹೀರಾಬಾದಿನಿಂದ ಉತ್ತರಕ್ಕೆ ಹೊರಟು ಮಂಜೀರಾ ನದಿ ದಾಟಿದರೆ ನೆಲ ಕಪ್ಪಾಗುತ್ತ ಹೋಗುತ್ತದೆ. ನಾರಾಯಣಖೇಡ ಒಂದು ಕಡೆ ಬೀದರಿಗೂ ಇನ್ನೊಂದು ಕಡೆ ಮಹಾರಾಷ್ಟ್ರಕ್ಕೂ ಹತ್ತಿರ. ಇಲ್ಲಿನ ಅಂಗಡಿ ಬೀದಿಯಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ.

ಇಲ್ಲಿ ಕುಂಬಾರರ ಮನೆಯೊಂದರ ಅಂಗಳದಲ್ಲಿ ಬಹಳ ಹೊತ್ತು ಕುಳಿತೆವು. ಮಣ್ಣೆತ್ತಿನ ಅಮಾವಾಸ್ಯೆಯ ಪರಿಚಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮುಂಗಾರಿನ ಹೊತ್ತಿಗೆ ಮನೆಮನೆಗೆ ಜೋಡೆತ್ತು ಬರುತ್ತದೆ. ಆ ಎತ್ತುಗಳನ್ನು ಸುಡುವುದಿಲ್ಲ. ಮಣ್ಣಿನಿಂದ ಬಂದದ್ದು ಮರಳಿ ಮಣ್ಣಿಗೇ. ಗೋದಲಿಗೂ ಎತ್ತು ಬೇಕೇ ಬೇಕಲ್ಲವೇ? 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೋ ಎಂಬ ಊರಿನಲ್ಲಿ ಮೊದಲ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಬೊಂಬೆಗಳಿರಲಿಲ್ಲ. ಹುಲ್ಲು, ಎತ್ತು, ಕತ್ತೆ ಇದ್ದವು, ಅವೂ ಜೀವಂತ. ಊರವರ ಕೊಟ್ಟಿಗೆಯೇ ಬೆತ್ಲೆಹೇಮ್ ಆಯಿತು.

ವರ್ಷವಿಡೀ ಇಡುವ ಎತ್ತನ್ನು ಸುಟ್ಟು ಕೊಡಲು ಆಗುತ್ತದೆಯೇ ಎಂದು ಕೇಳಿದೆವು. ಕುಂಬಾರ ಕಾಕಾ ಕೆಲಸ ನಿಲ್ಲಿಸದೆಯೇ ವಿವರಿಸಿದರು. ಕೆರೆಯ ಮಣ್ಣನ್ನು ನೆನೆಸಿ, ಕಲ್ಲು ಕಸ ಸೋಸಿ, ತುಳಿದು ಹದ ಮಾಡಬೇಕು. ಹೊಟ್ಟೆ ಗಟ್ಟಿಯಾಗಿದ್ದರೆ, ಒಳಗೆ ಗಾಳಿ ಉಳಿದಿದ್ದರೆ ಆವಿಗೆಯಲ್ಲಿ ಸಿಡಿಯುತ್ತದೆ. ಅದಕ್ಕೆ ಒಳಗೆ ಪೊಳ್ಳು ಬಿಡಬೇಕು. ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದರೆ ಕಾಲು ಬಿರಿಯುತ್ತದೆ, ನೆರಳಿನಲ್ಲೇ ಒಣಗಬೇಕು. ಅರೆಬೆಂದ ಗೊಂಬೆ ಒಂದೇ ಮಳೆಗಾಲದಲ್ಲಿ ಪುಡಿಯಾಗುತ್ತದೆ. ಕೈಕೆಲಸವೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೆಂದಲ್ಲ. ಒಳ್ಳೆಯ ಕುಂಬಾರನಿಗೆ ತನ್ನ ಕೆಲಸ ಎಲ್ಲೆಲ್ಲಿ ಕೆಡಬಹುದು ಎಂಬುದು ಗೊತ್ತಿರುತ್ತದೆ.

ಅದೇ ಅಂಗಳದ ಮೂಲೆಯಲ್ಲಿ ಬಿಳಿಯ ಮೂರ್ತಿಗಳ ಸಾಲು ಕಂಡಿತು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಆಫ್ ಪ್ಯಾರಿಸ್. ಕಾಕಾ ಮುಚ್ಚಿಡಲಿಲ್ಲ. "ಮೊದಲ ಎಲ್ಲಾ ನಾವೇ ಮಾಡ್ತಿದ್ದಿವ್ರಿ. ಈಗ ದೊಡ್ಡ ಮೂರ್ತಿ ಹೊರಗಿಂದ ತರಸ್ತೀವಿ, ಬಣ್ಣ ಅಷ್ಟೇ ನಮ್ಮದು. ಮಂದಿ ಅಗ್ಗ ಕೇಳ್ತಾರ, ಲಗೂನೂ ಕೇಳ್ತಾರ" ಎಂದರು. ಹಾಗಾದರೆ ಎತ್ತು? "ಎತ್ತು ಮಾತ್ರ ನಾವೇ ಮಾಡೋದು. ಕಾಲು ಮುರದ್ರ ಮನಿಗಿ ಬಂದು ಬೈತಾರಲ್ರಿ!"

ನಾವೆಲ್ಲ ನಕ್ಕೆವು. ಆದರೆ ಆ ಮಾತು ನಮ್ಮೊಂದಿಗೆ ಉಳಿಯಿತು. ದೂರದಿಂದ ಬಂದ ಮೂರ್ತಿ ಮುರಿದರೆ ಬೈಸಿಕೊಳ್ಳುವವರಿಲ್ಲ. ಎತ್ತು ಮುರಿದರೆ ಬಯ್ಯಲು ಬರುವವರ ಮುಖ ಕಾಕಾನಿಗೆ ಗೊತ್ತು, ಕಾಕಾನ ಮನೆ ಅವರಿಗೆ ಗೊತ್ತು. ಆದ್ದರಿಂದಲೇ ಎತ್ತಿನ ಕಾಲು ಗಟ್ಟಿ. ಜೊತೆಗೆ, ಅಗ್ಗವನ್ನೂ ಅವಸರವನ್ನೂ ಕೇಳಿದ "ಮಂದಿ" ಯಾರು? ಡಿಸೆಂಬರ್ 20ಕ್ಕೆ ಪೇಟೆಗೆ ಹೋಗಿ ನಾಳೆಯೇ ಬೇಕೆನ್ನುವ ಮನೆಗಳೂ ಆ ಮಂದಿಯಲ್ಲಿ ಸೇರಿವೆ.

ಹೊರಗುತ್ತಿಗೆಯ ಆಚೆ ಬದಿಯಲ್ಲಿ ನಮ್ಮವರೇ

ನಾರಾಯಣಖೇಡದಿಂದ ಹಿಂದಿರುಗುವ ಬಸ್ಸಿನಲ್ಲಿ ನಮ್ಮ ಜೊತೆಗಿದ್ದ ಕಾಲೇಜು ಹುಡುಗನೊಬ್ಬ ಬೇರೆಯೇ ಮಾತು ತೆಗೆದ. ಅವನದು ಆಟಿಕೆ ಸೈನಿಕರನ್ನು ಕೂಡಿಡುವ ಹವ್ಯಾಸ. ಮ್ಯಾಟೆಲ್‌ನಂತೆಯೇ ಅಮೆರಿಕದ ಇನ್ನೊಂದು ಕಂಪನಿಯಾದ ಹ್ಯಾಸ್‌ಬ್ರೋದ ಜಿ.ಐ. ಜೋ ಬೊಂಬೆಗಳನ್ನು ನಮ್ಮ ದೇಶಕ್ಕಾಗಿ ಮಾಡುತ್ತಿದ್ದುದು 1987ರಲ್ಲಿ ಆರಂಭವಾದ ಫನ್‌ಸ್ಕೂಲ್ ಕಂಪನಿ, ನೆರೆಯ ಗೋವಾದಲ್ಲಿ. ಅಚ್ಚು ಅಲ್ಲಿಯದು, ಕೈ ನಮ್ಮದು. ಹೊರದೇಶದ ಸಂಗ್ರಾಹಕರು ಇವನ್ನು ಅಮೆರಿಕದ ಗೊಂಬೆಗಳ ಪಕ್ಕದಲ್ಲಿಟ್ಟು ತೂಗುತ್ತಿದ್ದರು: ಬಣ್ಣ ಬೇರೆ, ಪ್ಲಾಸ್ಟಿಕ್ಕಿನ ಹದ ಬೇರೆ, ಕೀಲು ಸಡಿಲ ಎಂದು. ಮುಂದೆ ಆ ಬೇರೆ ಬಣ್ಣಕ್ಕಾಗಿಯೇ ಅವನ್ನು ಹುಡುಕಿ ಕೊಳ್ಳುವವರೂ ಹುಟ್ಟಿಕೊಂಡರು.

ಇದನ್ನು ಕೇಳಿದಾಗ ನಮಗೆ ತಿಳಿದದ್ದು: ಹೊರಗುತ್ತಿಗೆಯ ಕೆಲಸ ಎಂದರೆ ಯಾವಾಗಲೂ ಚೀನಾದವರದಲ್ಲ. ಎಷ್ಟೋ ಸಲ ಅದು ನಮ್ಮ ಮಕ್ಕಳ ಅನ್ನದ ಕೆಲಸ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಆಟಿಕೆ ಕ್ಲಸ್ಟರ್‌ ಹೊರದೇಶದ ಕಂಪನಿಗಳಿಗೆ ಆಟಿಕೆ ಮಾಡಿಕೊಡುವ ಆಸೆಯಿಂದಲೇ ಹುಟ್ಟಿದ್ದು. ಅದೇ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಮರದ ಗೊಂಬೆ ಮಾಡುತ್ತ ಬಂದಿವೆ. ಜಹೀರಾಬಾದಿನಲ್ಲೂ ಕೈಗಾರಿಕಾ ನಗರವೊಂದಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ನಾಳೆ ಯಾವುದೋ ದೇಶದ ತಾಯಿ ಪೆಟ್ಟಿಗೆ ತಿರುಗಿಸಿ, "ಇದನ್ನು ಮಾಡಿದವರು ಯಾರು?" ಎಂದು ಕೇಳುವಾಗ ಉತ್ತರ ನಮ್ಮೂರಿನದೇ ಆಗಿರಬಹುದು. ಆಗ ಆಕೆಯ ಮಗುವನ್ನು ನಮ್ಮ ಮಗುವೆಂದು ಎಣಿಸಿ ಕೆಲಸ ಮಾಡಿದ್ದೇವೆಯೇ ಎಂಬುದೇ ಪ್ರಶ್ನೆ.

ತಾಂಡೂರು: ಹೆಸರಿನ ಹೊಣೆ

ಮರುದಿನ ಜಹೀರಾಬಾದಿನಿಂದ ವಿಕಾರಾಬಾದಿಗೆ ಬಂದು, ಅಲ್ಲಿ ವಾಡಿಯ ಕಡೆಯ ರೈಲು ಹಿಡಿದು ತಾಂಡೂರಿನಲ್ಲಿ ಇಳಿದೆವು. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಹಳಿ ಇದು. ಊರು ಹತ್ತಿರವಾದಂತೆ ಎಲ್ಲೆಲ್ಲೂ ಕಲ್ಲು. ತಾಂಡೂರು ಕಲ್ಲು ಎಂದರೆ ನಮ್ಮ ಶಹಾಬಾದ್ ಕಲ್ಲಿನ ಒಡಹುಟ್ಟು: ಪದರ ಪದರವಾಗಿ ಏಳುವ ಸುಣ್ಣಕಲ್ಲು, ಕೆಲವೆಡೆ ನೀಲಿಬೂದು, ಕೆಲವೆಡೆ ಹಳದಿ. ಎಷ್ಟೋ ಮನೆಗಳ, ಶಾಲೆಗಳ ನೆಲಕ್ಕೆ ಹಾಸಿರುವುದು ಇದೇ.

ಪಾಲಿಶ್ ಮಾಡುವ ಕಡೆ ಒಬ್ಬ ಕೆಲಸಗಾರರು ಪ್ರತಿ ಹಾಸುಗಲ್ಲನ್ನೂ ಬೆರಳ ಗಂಟಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಒಳಗೆ ಬಿರುಕಿದ್ದರೆ ಸದ್ದು ಮಂಕಾಗುತ್ತದಂತೆ. ಮಂಕಾದದ್ದನ್ನು ಬದಿಗಿಡುತ್ತಿದ್ದರು. ಕಣ್ಣಿಗೆ ಎರಡೂ ಕಲ್ಲು ಒಂದೇ ಥರ ಕಾಣುತ್ತಿದ್ದವು.

ತಾಂಡೂರಿಗೆ ಇನ್ನೊಂದು ಹೆಸರಿದೆ, ತೊಗರಿಯದು. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಎಲ್ಲಿಯದೋ ಬೇಳೆಯನ್ನು ತಾಂಡೂರಿನದೆಂದು ಮಾರುವಂತಿಲ್ಲ. ಚನ್ನಪಟ್ಟಣದ ಅರಗಿನ ಗೊಂಬೆ, ಕಿನ್ನಾಳದ ಗೊಂಬೆ, ತೆಲಂಗಾಣದ ನಿರ್ಮಲ್ ಗೊಂಬೆಗಳಿಗೂ ಇಂಥದೇ ಮಾನ್ಯತೆಯಿದೆ. ಭೌಗೋಳಿಕ ಗುರುತಿನ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಐಎಸ್‌ಐ ಗುರುತಿನಿಂದ ವಿನಾಯಿತಿ ಕೊಡಲಾಗಿದೆ. ವಿನಾಯಿತಿ ಎಂದರೆ ಪರೀಕ್ಷೆಯೇ ಬೇಡವೆಂದಲ್ಲ. ಅಲ್ಲಿ ಪರೀಕ್ಷಿಸಬೇಕಾದವರು ಕೊಳ್ಳುವ ನಾವು. ಯಾವ ಮರ, ಯಾವ ಬಣ್ಣ ಎಂದು ಕೇಳಿದರೆ ಹೇಳುವ ಮನುಷ್ಯ ಎದುರಿಗಿರುತ್ತಾನೆ. ದೂರದಿಂದ ಬಂದರೂ ಹತ್ತಿರದಲ್ಲಿ ಹುಟ್ಟಿದರೂ ಹೆಸರು ಹೇಳಿ ನಿಲ್ಲುವವರ ಸರಕು ಒಂದು ಬಗೆ, ಹೆಸರಿಲ್ಲದ ಸರಕು ಇನ್ನೊಂದು ಬಗೆ. ಮೂರೂ ಊರು ಸುತ್ತಿದ ಮೇಲೆ ನಮಗೆ ಸ್ಪಷ್ಟವಾದದ್ದು ಇಷ್ಟೇ.

ನಮ್ಮ ಮನೆಗಳಲ್ಲಿ ಏನು ಮಾಡಬಹುದು?

ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು, ಅದರ ಕೆಳಗಿನ ಸಂಖ್ಯೆ ನೋಡೋಣ. ಗೋದಲಿಯ ಗೊಂಬೆಯಾದರೆ ಅಂಗಡಿಯಲ್ಲೇ ಒದ್ದೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡೋಣ. ಬಣ್ಣ ಹತ್ತಿದರೆ ಬೇಡ. ಘಾಟು ವಾಸನೆಯಿದ್ದರೆ ಬೇಡ. ಅಚ್ಚಿನ ಎರಡು ಹೋಳು ಕೂಡಿದ ಗೆರೆಯ ಮೇಲೆ ಉಗುರಾಡಿಸಿ ನೋಡೋಣ. ಚೂಪಾಗಿದ್ದರೆ ಮಗುವಿನ ಬೆರಳನ್ನು ಕೊಯ್ಯುತ್ತದೆ. ಬಾಯಿಗೆ ಹೋಗುವಷ್ಟು ಸಣ್ಣ ಕುರಿಮರಿಗಳನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಎಟುಕದ ಹಾಗೆ ಇಡೋಣ. ಅಂಟಂಟಾದ ಹಳೆಯ ಪ್ಲಾಸ್ಟಿಕ್ ಗೊಂಬೆಯನ್ನು ಮಕ್ಕಳ ಕೈಗೆ ಕೊಡುವುದು ಬೇಡ. ಮೆದುವಾಗಿಸಲು ಬೆರೆಸಿದ ರಾಸಾಯನಿಕ ಹೊರಗೆ ಜಿನುಗಿದಾಗ ಹಾಗಾಗುತ್ತದೆ.

ಮಣ್ಣಿನ ಗೊಂಬೆ ಬೇಕೆಂದರೆ ಬೇಸಿಗೆಯಲ್ಲೇ ಕುಂಬಾರರಿಗೆ ಹೇಳಬೇಕು. ಚೌಕಾಸಿ ಮಾಡದೆ ಮುಂಗಡ ಕೊಡಬೇಕು. ಬಣ್ಣವಿಲ್ಲದೆ ಸುಟ್ಟ ಕೆಂಪು ಮೈಯೇ ಸಾಕು, ಹೆಚ್ಚೆಂದರೆ ಕಾವಿ ಎಂದು ತಿಳಿಸಬೇಕು. ಕೂಡಿಡುವ ಮನೆಗಳವರಿಗೆ ಇನ್ನೊಂದು ಮಾತು: ಪ್ರತಿ ಗೊಂಬೆಯ ಅಡಿಯಲ್ಲಿ ಮಾಡಿದವರ ಹೆಸರು, ಊರು, ವರ್ಷ ಬರೆದಿಡಿ. ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿ. ಪೆಟ್ಟಿಗೆಯಲ್ಲಿ ಎಷ್ಟು ಖಾಲಿ ಜಾಗಗಳಿವೆ ಎಂದು ಮಕ್ಕಳೇ ಎಣಿಸಲಿ.

ಗೋದಲಿಯಲ್ಲಿ ಮಾತನಾಡದೆ ನಿಂತಿರುವ ಸಂತ ಜೋಸೆಫರೂ ಕೈಕೆಲಸದವರೇ. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ನಜರೇತಿನ ಆ ಬಡಗಿ ಮಾಡಿದ ನೊಗವಾಗಲಿ ಬಾಗಿಲಾಗಲಿ ಇಂದು ಉಳಿದಿಲ್ಲ. ಆದರೆ ನೊಗ ಮುರಿದರೆ ರೈತ ಯಾರ ಮನೆಗೆ ಬರುತ್ತಿದ್ದನೆಂದು ಆ ಊರಿಗೆಲ್ಲ ಗೊತ್ತಿತ್ತು. ಅದೇ ಮನೆಯಲ್ಲಿ ದೇವಪುತ್ರ ಬೆಳೆದರು.

ನಾರಾಯಣಖೇಡದ ಕಾಕಾನಿಗೆ ನಾವು ಒಂದು ಎತ್ತು, ಒಂದು ಕತ್ತೆ, ಮೂವರು ಕುರುಬರು, ಆರು ಕುರಿಗಳಿಗೆ ಮುಂಗಡ ಕೊಟ್ಟೆವು, ಮುಂದಿನ ಕ್ರಿಸ್ತಜಯಂತಿಗೆ. ಕತ್ತೆಯನ್ನು ಅವರು ಇದುವರೆಗೆ ಮಾಡಿಲ್ಲವಂತೆ. "ಮಾಡಿ ನೋಡ್ತೀನ್ರಿ. ಕಿವಿ ಸರಿ ಬರದಿದ್ರ ರೊಕ್ಕ ತಗೊಳ್ಳಂಗಿಲ್ಲ" ಎಂದಿದ್ದಾರೆ.